ಎರಡನೇ ಪಂಕ್ತಿಯವರು: ಎನ್‌ಎಚ್‌ಎಸ್‌ನ ಹಳಬರು, ಹೊಸಬರು ಮತ್ತು ನಡುವಿನ ತಾರೀಖು

ಕಳೆದ ಸರಣಿಯಲ್ಲಿ ಇಲ್ಲಿನ ಪೇ ಸ್ಲಿಪ್ ಓದುವುದು ಹೇಗೆ ಅಂತ ಬರೆದಿದ್ದೆ. ಅದಕ್ಕೆ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಧಾಟಿಯವು. "ಅಕ್ಕಾ, ನಮ್ಮ ವಾರ್ಡ್‌ನ ಸೀನಿಯರ್‌ಗೂ ನನಗೂ ಒಂದೇ ಬ್ಯಾಂಡ್, ಒಂದೇ ಕೆಲಸ. ಅವರು 55ಕ್ಕೆ ನಿವೃತ್ತಿ ಅಂತಾರೆ, ನನ್ನ ಪಿಂಚಣಿ ಕಾಗದದಲ್ಲಿ 68 ಅಂತ ಇದೆ. ಇದೇನು ಪ್ರಿಂಟ್ ತಪ್ಪಾ?"

ಪ್ರಿಂಟ್ ತಪ್ಪಲ್ಲ. ಇಬ್ಬರ ಅಂಕಿಯೂ ಸರಿ. ನಡುವಿನ 13 ವರ್ಷಕ್ಕೆ ಕಾರಣ ಕೆಲಸವಲ್ಲ, ಓದಲ್ಲ, ಅನುಭವವಲ್ಲ. ಕೆಲಸಕ್ಕೆ ಸೇರಿದ ತಾರೀಖು, ಅಷ್ಟೇ. ಆ ತಾರೀಖುಗಳನ್ನು ಯಾರು ಎಳೆದರು, ಯಾಕೆ ಎಳೆದರು, ಅದನ್ನು ಪ್ರಶ್ನಿಸಿದವರಿಗೆ ಏನಾಯಿತು ಅನ್ನುವುದಕ್ಕೆ ಒಂದು ಇತಿಹಾಸವಿದೆ. ಸಂಬಳದ ಕಾಗದದಲ್ಲಿ ಅದು ಕಾಣುವುದಿಲ್ಲ. ಅದನ್ನೇ ಈ ಸಲ ಆರು ಭಾಗದಲ್ಲಿ ಬರೆದು ಒಟ್ಟಿಗೆ ಹಾಕುತ್ತಿದ್ದೇನೆ. ಉದ್ದ ಇದೆ. ನೈಟ್ ಮುಗಿಸಿ ಬಂದವರು ಮೊದಲು ಮಲಗಿ, ಆಮೇಲೆ ಓದಿ.

ಭಾಗ 1: ಮುಚ್ಚುವ ವ್ಯತ್ಯಾಸ, ಮುಚ್ಚದ ವ್ಯತ್ಯಾಸ

ಹಳಬರಿಗೂ ಹೊಸಬರಿಗೂ ಇರುವ ವ್ಯತ್ಯಾಸದಲ್ಲಿ ಎರಡು ಬಗೆ ಇದೆ. ಎರಡನ್ನೂ ಬೆರೆಸಿದರೆ ಜಗಳ ತಪ್ಪು ಕಡೆಗೆ ಹೋಗುತ್ತದೆ.

ಮೊದಲನೆಯದು ಕಾಲ ಕಳೆದಂತೆ ತಾನಾಗಿ ಮುಚ್ಚುವಂಥದ್ದು. ನಮ್ಮ ಬ್ಯಾಂಡ್, ಸಂಬಳ, ರಜೆ ಎಲ್ಲವನ್ನೂ ತೀರ್ಮಾನಿಸುವ "ಅಜೆಂಡಾ ಫಾರ್ ಚೇಂಜ್" ಒಪ್ಪಂದ 2004ರಲ್ಲಿ ಜಾರಿಗೆ ಬಂತು. ಅದಕ್ಕೂ ಮೊದಲು ನರ್ಸ್‌ಗಳಿಗೆ 1988ರಿಂದ ಬಂದ ಎ, ಬಿ, ಸಿ, ಡಿ ಗ್ರೇಡುಗಳಿದ್ದವು. ಹೊಸ ಒಪ್ಪಂದದಲ್ಲಿ ಹೊಸದಾಗಿ ಸೇರಿದವರಿಗೆ ವರ್ಷಕ್ಕೆ 27 ದಿನ ರಜೆ, ಸಾರ್ವಜನಿಕ ರಜೆ ಬೇರೆ. 5 ವರ್ಷ ಆದ ಮೇಲೆ 29, 10 ವರ್ಷ ಆದ ಮೇಲೆ 33. ಕಾಯಿಲೆ ಬಿದ್ದರೆ ಮೊದಲ ವರ್ಷದಲ್ಲಿ 1 ತಿಂಗಳು ಪೂರ್ತಿ ಸಂಬಳ, 2 ತಿಂಗಳು ಅರ್ಧ ಸಂಬಳ. 5 ವರ್ಷ ದಾಟಿದವರಿಗೆ 6 ತಿಂಗಳು ಪೂರ್ತಿ, 6 ತಿಂಗಳು ಅರ್ಧ. ಇಲ್ಲಿ ಹಳಬರಿಗೆ ಹೆಚ್ಚು, ಹೊಸಬರಿಗೆ ಕಡಿಮೆ, ನಿಜ. ಆದರೆ ಹೊಸಬರೂ ಒಂದು ದಿನ ಹಳಬರಾಗುತ್ತಾರೆ. ಏಣಿ ಒಂದೇ, ನಿಂತ ಮೆಟ್ಟಿಲು ಬೇರೆ.

ಇದರಲ್ಲೂ ಹೊರದೇಶದಿಂದ ಬಂದವರಿಗೆ ಒಂದು ಮುಳ್ಳಿದೆ. ತಾನಾಗಿ ಎಣಿಕೆಗೆ ಬರುವುದು ಎನ್‌ಎಚ್‌ಎಸ್ ಸೇವೆ ಮಾತ್ರ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಮಸ್ಕತ್‌ನಲ್ಲೋ 10 ವರ್ಷ ಐಸಿಯು ನೋಡಿಕೊಂಡು ಬಂದವಳೂ ರಜೆಯ ಲೆಕ್ಕದಲ್ಲಿ ನಿನ್ನೆ ಕಾಲೇಜು ಮುಗಿಸಿದವಳೂ ಒಂದೇ. ಹೊರಗಿನ ಅನುಭವವನ್ನು ಎಣಿಸುವ ಅಧಿಕಾರ ಟ್ರಸ್ಟ್‌ಗೆ ಇದೆ, ಆದರೆ ಕಡ್ಡಾಯವಿಲ್ಲ. ಕೇಳಿದವರಲ್ಲಿ ಕೆಲವರಿಗೆ ಸಿಕ್ಕಿದೆ. ಕೇಳದಿದ್ದವರಿಗೆ ಯಾರೂ ಕರೆದು ಕೊಡುವುದಿಲ್ಲ.

ಎರಡನೆಯ ಬಗೆ ಯಾವತ್ತೂ ಮುಚ್ಚದು. ಅಲ್ಲಿ ಎಷ್ಟು ವರ್ಷ ದುಡಿದಿರಿ ಅನ್ನುವುದು ಮುಖ್ಯವಲ್ಲ, ಯಾವ ದಿನ ಒಳಗೆ ಬಂದಿರಿ ಅನ್ನುವುದೇ ಮುಖ್ಯ. ಮದುವೆಮನೆಯಲ್ಲಿ ಮೊದಲ ಪಂಕ್ತಿಗೆ ಹೋಳಿಗೆ ಬಡಿಸಿ, ಎರಡನೇ ಪಂಕ್ತಿಗೆ ಹೋಳಿಗೆ ಮುಗಿಯಿತು ಅಂದ ಹಾಗೆ. ಎಲೆಯ ಮುಂದೆ ಎಷ್ಟು ಹೊತ್ತು ಕೂತರೂ ಹೋಳಿಗೆ ಬರುವುದಿಲ್ಲ. ಈ ಸರಣಿ ಇರುವುದು ಈ ಎರಡನೇ ಪಂಕ್ತಿಯ ಬಗ್ಗೆ.

ಭಾಗ 2: 55, 60, 65, 68

ಎನ್‌ಎಚ್‌ಎಸ್ ಹುಟ್ಟಿದ್ದು 1948ರ ಜುಲೈ 5ರಂದು. ಅದರ ಹಳೆಯ ಪಿಂಚಣಿ ವ್ಯವಸ್ಥೆಯಲ್ಲಿ ಸಾಮಾನ್ಯ ನಿವೃತ್ತಿ ವಯಸ್ಸು 60. ನರ್ಸ್, ಮಿಡ್‌ವೈಫ್, ಹೆಲ್ತ್ ವಿಸಿಟರ್, ಫಿಸಿಯೋಥೆರಪಿಸ್ಟ್ ಇವರಿಗೆ ಮಾತ್ರ "ಸ್ಪೆಷಲ್ ಕ್ಲಾಸ್" ಅನ್ನುವ ಸವಲತ್ತು ಇತ್ತು. ಕೊನೆಯ 5 ವರ್ಷ ಅದೇ ಕೆಲಸದಲ್ಲಿದ್ದರೆ 55ಕ್ಕೆ ಒಂದು ಪೈಸೆ ಕಡಿತವಿಲ್ಲದೆ ಪೂರ್ತಿ ಪಿಂಚಣಿ. ಮಾನಸಿಕ ಆಸ್ಪತ್ರೆಗಳಲ್ಲಿ ದುಡಿದವರಿಗೆ ಇನ್ನೂ ಹೆಚ್ಚು: 20 ವರ್ಷ ಮುಗಿಸಿದ ಮೇಲೆ ದುಡಿದ ಒಂದೊಂದು ವರ್ಷವೂ ಎರಡು ವರ್ಷವಾಗಿ ಲೆಕ್ಕಕ್ಕೆ ಬರುತ್ತಿತ್ತು. ರೋಗಿಯನ್ನು ಎತ್ತಿ, ಹೊರಳಿಸಿ, ನಿಲ್ಲಿಸಿದವರಿಗೆ ಇಂಥ ಸವಲತ್ತು ಯಾಕೆ ಬೇಕು ಅಂತ ಬಿಡಿಸಿ ಹೇಳಬೇಕಾಗಿಲ್ಲ.

1995ರ ಮಾರ್ಚ್ 6ರಂದು ಮೊದಲ ಗೆರೆ ಬಿತ್ತು. ಆ ದಿನಕ್ಕೆ ಮೊದಲೇ ಇದ್ದವರಿಗೆ ಸ್ಪೆಷಲ್ ಕ್ಲಾಸ್ ಉಳಿಯಿತು. ಆಮೇಲೆ ಬಂದ ನರ್ಸ್‌ಗೆ ಎಲ್ಲರಂತೆ 60. ಹಳಬರಲ್ಲೂ ಮಧ್ಯೆ ಒಂದೇ ಸಮನೆ 5 ವರ್ಷ ಅಥವಾ ಹೆಚ್ಚು ಕಾಲ ಪಿಂಚಣಿ ಸೇವೆಯಿಂದ ಹೊರಗಿದ್ದರೆ ಆ ಸವಲತ್ತು ಹೋಯಿತು. ಮಕ್ಕಳನ್ನು ಬೆಳೆಸಲು ಮನೆಯಲ್ಲಿ ನಿಂತವರು ಯಾರು ಅಂತ ನಿಮಗೇ ಗೊತ್ತು.

2008ರ ಏಪ್ರಿಲ್ 1ರಂದು ಎರಡನೇ ಗೆರೆ. ಆ ದಿನದಿಂದ ಹೊಸದಾಗಿ ಸೇರಿದವರಿಗೆ ಬೇರೆ ವಿಭಾಗ, ನಿವೃತ್ತಿ 65ಕ್ಕೆ. ಅದೇ ವಾರ್ಡ್, ಅದೇ ಯೂನಿಫಾರಂ, ಅದೇ ರೋಟಾ. 2015ರ ಏಪ್ರಿಲ್ 1ರಂದು ಮೂರನೇ ಗೆರೆ. ಈಗಿನ ಸ್ಕೀಮ್ ಅದು. ಇದರಲ್ಲಿ ನಿವೃತ್ತಿ ವಯಸ್ಸಿಗೆ ಸ್ವಂತ ಅಂಕಿಯೇ ಇಲ್ಲ. ದೇಶದ ಸ್ಟೇಟ್ ಪೆನ್ಷನ್ ವಯಸ್ಸು ಏರಿದ ಹಾಗೆ ಅದೂ ಏರುತ್ತದೆ. ಈಗಿನ ಕಾನೂನಿನ ಪ್ರಕಾರ 1978ರ ಏಪ್ರಿಲ್ 6ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಅದು 68.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಹೊಸ ಸ್ಕೀಮ್ ಎಲ್ಲದರಲ್ಲೂ ಕಳಪೆ ಅಂತ ಅಂದುಕೊಳ್ಳಬೇಡಿ. 1995ರ ವಿಭಾಗದಲ್ಲಿ ಒಂದು ವರ್ಷ ದುಡಿದರೆ ಕೊನೆಯ ಸಂಬಳದ 80ನೇ ಒಂದು ಭಾಗ ವಾರ್ಷಿಕ ಪಿಂಚಣಿ, ಜೊತೆಗೆ ಅದರ ಮೂರರಷ್ಟು ಇಡುಗಂಟು. 2015ರದರಲ್ಲಿ ಆಯಾ ವರ್ಷದ ಸಂಬಳದ 54ನೇ ಒಂದು ಭಾಗ, ಮೇಲೆ ಪ್ರತಿವರ್ಷ ಬೆಲೆಯೇರಿಕೆಗಿಂತ ಶೇ 1.5 ಹೆಚ್ಚು ಸೇರುತ್ತದೆ. ಅಂದರೆ 500 ಪೌಂಡ್ ವಾರ್ಷಿಕ ಪಿಂಚಣಿ ಕಟ್ಟಿಕೊಳ್ಳಲು ಹಳೆಯದರಲ್ಲಿ 40,000 ಪೌಂಡ್ ಸಂಬಳ ಬೇಕು, ಹೊಸದರಲ್ಲಿ 27,000 ಸಾಕು. ಮ್ಯಾನೇಜರ್ ಆಗಿ ಮೇಲೇರಿದವರಿಗೆ ಹಳೆಯದು ಲಾಭ. ಕೊನೆಯವರೆಗೂ ಹಾಸಿಗೆಯ ಪಕ್ಕದಲ್ಲೇ ನಿಂತ ಬ್ಯಾಂಡ್ 5ಕ್ಕೆ ಲೆಕ್ಕದಲ್ಲಿ ಹೊಸದು ಅಷ್ಟು ಕೆಟ್ಟದ್ದಲ್ಲ.

ಕಷ್ಟ ಇರುವುದು ವಯಸ್ಸಿನಲ್ಲಿ. 60ಕ್ಕೆ ಮಂಡಿ ಸೋತು ಬಿಟ್ಟರೆ 68ಕ್ಕೆ ಬರಬೇಕಾದ ದುಡ್ಡು ಕಡಿತವಾಗಿ ಬರುತ್ತದೆ, ಆ ಕಡಿತ ಬದುಕಿರುವವರೆಗೂ. 1995ರ ಮಾರ್ಚ್ 5ರ ನರ್ಸ್‌ನ ಬೆನ್ನಿಗೂ 2015ರ ಏಪ್ರಿಲ್‌ನ ನರ್ಸ್‌ನ ಬೆನ್ನಿಗೂ ದೇವರು ಬೇರೆ ಬೇರೆ ಮೂಳೆ ಇಟ್ಟಿಲ್ಲ.

ಭಾಗ 3: ನೆಲ ಒರೆಸುವವರಿಗೆ ಮೊದಲು ಬಂದದ್ದು

ನರ್ಸ್‌ಗಳ ಕತೆ ಇಷ್ಟು. ಆದರೆ ಇದೇ ಗೆರೆಯನ್ನು ಇನ್ನೂ ಕಟುವಾಗಿ ಕಂಡವರು ನಮ್ಮ ಪಕ್ಕದಲ್ಲೇ ಇದ್ದಾರೆ. ಕ್ಲೀನರ್‌ಗಳು, ಅಡುಗೆಮನೆಯವರು, ಪೋರ್ಟರ್‌ಗಳು. ಕಾನೂನು ಹೊಸಬರನ್ನು ಹೇಗೆ ನೋಡುತ್ತದೆ ಅನ್ನುವುದು ಸ್ಪಷ್ಟವಾದದ್ದೂ ಅವರ ಪ್ರಕರಣದಲ್ಲೇ. ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

1983ರಲ್ಲಿ ಥ್ಯಾಚರ್ ಸರ್ಕಾರ ಆಸ್ಪತ್ರೆಗಳ ಸ್ವಚ್ಛತೆ, ಅಡುಗೆ, ಬಟ್ಟೆ ಒಗೆಯುವ ಕೆಲಸಕ್ಕೆ ಟೆಂಡರ್ ಕರೆಯಲೇಬೇಕು ಅಂತ ಆದೇಶ ಮಾಡಿತು. ಸರ್ಕಾರಿ ಗುತ್ತಿಗೆ ಹಿಡಿದವರು ನ್ಯಾಯವಾದ ಕೂಲಿ ಕೊಡಬೇಕು ಅಂತ ಪಾರ್ಲಿಮೆಂಟು 1891ರಲ್ಲೇ ಒಂದು ನಿರ್ಣಯ ಮಾಡಿ, 1946ರಲ್ಲಿ ಅದನ್ನು ಹೊಸದಾಗಿ ಬರೆದಿತ್ತು. ಅದೂ ಅದೇ 1983ರಲ್ಲಿ ರದ್ದಾಯಿತು. ಬಾಗಿಲು ತೆರೆದ ವರ್ಷವೇ ಕಾವಲುಗಾರನನ್ನೂ ಮನೆಗೆ ಕಳಿಸಿದ ಹಾಗೆ.

ಯುರೋಪಿನ ಕಾನೂನಿನಿಂದ ಬಂದ ಒಂದು ರಕ್ಷಣೆ ಮಾತ್ರ ಇತ್ತು. ಇಲ್ಲಿ ಎಲ್ಲರೂ ಅದನ್ನು "ಟ್ಯೂಪಿ" ಅಂತಾರೆ, 1981ರ ನಿಯಮ. ಕೆಲಸ ಒಬ್ಬ ಮಾಲೀಕನಿಂದ ಇನ್ನೊಬ್ಬನಿಗೆ ಹೋದರೆ ಕೆಲಸಗಾರರ ಹಳೆಯ ಸಂಬಳ, ಷರತ್ತು ಜೊತೆಗೇ ಹೋಗಬೇಕು. ಅದು ಸಾರ್ವಜನಿಕ ಸೇವೆಗಳಿಗೆ ಸ್ಪಷ್ಟವಾಗಿ ಅನ್ವಯವಾದದ್ದು 1993ರ ತಿದ್ದುಪಡಿಯ ಮೇಲೆ. ಒಳ್ಳೆಯ ಕಾನೂನೇ. ಆದರೆ ಅದು ಕಾಪಾಡುವುದು ವರ್ಗಾವಣೆಯ ದಿನ ಕೆಲಸದಲ್ಲಿದ್ದವರನ್ನು ಮಾತ್ರ. ಮರುದಿನ ಕಂಪನಿ ನೇಮಿಸಿಕೊಂಡವರಿಗೆ ಕಂಪನಿ ಇಟ್ಟದ್ದೇ ದರ.

ನಾನು ಮೊದಲು ಕೆಲಸ ಮಾಡಿದ ಆಸ್ಪತ್ರೆಯಲ್ಲಿ, ಹೆಸರು ಬೇಡ, ಒಂದೇ ಕಾರಿಡಾರ್ ಒರೆಸುವ ಇಬ್ಬರು ಹೆಂಗಸರಿದ್ದರು. ಒಬ್ಬರು ಎನ್‌ಎಚ್‌ಎಸ್‌ನಿಂದ ಕಂಪನಿಗೆ ವರ್ಗವಾದವರು, ಇನ್ನೊಬ್ಬರು ಕಂಪನಿಯೇ ಆಮೇಲೆ ತೆಗೆದುಕೊಂಡವರು. ಭಾನುವಾರ ಬಂದರೆ ಮೊದಲಿನವರಿಗೆ ಹೆಚ್ಚುವರಿ ದರ, ಎರಡನೆಯವರಿಗೆ ಸೋಮವಾರದ ದರವೇ. ಇಬ್ಬರೂ ಒಟ್ಟಿಗೆ ಕೂತು ಊಟ ಮಾಡುತ್ತಿದ್ದರು, ಆದರೆ ರೋಟಾ ಬಂದ ದಿನ ಮಾತು ಕಡಿಮೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತ ನಮ್ಮಲ್ಲಿ ಹೇಳುತ್ತಾರಲ್ಲ, ಸುಣ್ಣ ಹಚ್ಚಿದ ಕೈ ಇಬ್ಬರಿಗೂ ಕಾಣುತ್ತಿರಲಿಲ್ಲ. ಪರಸ್ಪರ ಮುಖ ಮಾತ್ರ ಕಾಣುತ್ತಿತ್ತು.

ಇದು ಹೀಗೇ ಆಗುತ್ತದೆ ಅಂತ ಮೊದಲೇ ಊಹಿಸಿದವರು ಇದ್ದರು. 1998ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ಹೊಸ ಕಟ್ಟಡವನ್ನು ಖಾಸಗಿ ಬಂಡವಾಳದಲ್ಲಿ ಕಟ್ಟಲು ಮಾತುಕತೆ ನಡೆದಿತ್ತು. ಕೆಲವು ಸಿಬ್ಬಂದಿ ಖಾಸಗಿ ಕಂಪನಿಗಳ ಕೈಕೆಳಗೆ ಹೋಗಬೇಕಿತ್ತು. ಯುನಿಸನ್ ಅನ್ನುವ ಯೂನಿಯನ್ ಒಂದು ಬೇಡಿಕೆ ಇಟ್ಟಿತು: ವರ್ಗವಾಗುವವರಿಗೆ ಮಾತ್ರವಲ್ಲ, ಆಮೇಲೆ ಸೇರುವ ಹೊಸಬರಿಗೂ ಎನ್‌ಎಚ್‌ಎಸ್‌ಗೆ ಸಮನಾದ ಷರತ್ತುಗಳನ್ನು 30 ವರ್ಷ ಖಾತರಿ ಮಾಡಿ. ಟ್ರಸ್ಟ್ ಒಪ್ಪಲಿಲ್ಲ. ಸದಸ್ಯರು ಮುಷ್ಕರಕ್ಕೆ ಮತ ಹಾಕಿದರು.

ಈ ಬೇಡಿಕೆಯನ್ನು ಒಮ್ಮೆ ಯೋಚಿಸಿ ನೋಡಿ. ಇರುವ ಕೆಲಸಗಾರರು ತಮ್ಮ ಸಂಬಳ ಬಿಟ್ಟು ನಿಲ್ಲಲು ತಯಾರಾದದ್ದು ಇನ್ನೂ ಅರ್ಜಿಯನ್ನೇ ಹಾಕದ, ಕೆಲವರು ಇನ್ನೂ ಹುಟ್ಟೇ ಇರದ ಜನರಿಗೂ ಸೇರಿಸಿ.

ಟ್ರಸ್ಟ್ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿತು. ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಕಾರಣ ಸರಳ: ಕಾನೂನಿನ ಪ್ರಕಾರ ಮುಷ್ಕರ ನಡೆಸಬಹುದಾದದ್ದು ಕೆಲಸಗಾರರಿಗೂ ಅವರ ಮಾಲೀಕನಿಗೂ ಇರುವ ವಿವಾದಕ್ಕೆ. ಮುಂದೆ ಬರುವ ಮಾಲೀಕ, ಈ ಟ್ರಸ್ಟ್‌ನಲ್ಲಿ ಎಂದೂ ದುಡಿಯದ ಮುಂದಿನ ಕೆಲಸಗಾರರು, ಇವರ ವಿಷಯ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಯೂನಿಯನ್ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋಯಿತು. 2002ರ ಜನವರಿಯಲ್ಲಿ ಅದೂ ಅರ್ಜಿಯನ್ನು ವಿಚಾರಣೆಗೆ ತೆಗೆದುಕೊಳ್ಳಲು ಒಪ್ಪಲಿಲ್ಲ.

ನನ್ನ ಮಟ್ಟಿಗೆ ಈ ಇಡೀ ಇತಿಹಾಸದ ನಡುಗಂಬ ಇದು. ಹೊಸಬರಿಗೆ ಮೇಜಿನ ಮುಂದೆ ಕುರ್ಚಿ ಇಲ್ಲದಿರುವುದು ಸಹಜ, ಅವರು ಇನ್ನೂ ಬಂದಿಲ್ಲ. ಆದರೆ ಅವರ ಪರವಾಗಿ ಕುರ್ಚಿಯಲ್ಲಿರುವವರು ಏಳಬಹುದೇ ಅಂದರೆ, ಅದಕ್ಕೂ ಇಲ್ಲ ಅನ್ನುವುದೇ ಉತ್ತರವಾಯಿತು.

ಹೋರಾಟ ಅಲ್ಲಿಗೇ ನಿಲ್ಲಲಿಲ್ಲ. 2000-01ರಲ್ಲಿ ಡಡ್ಲಿಯ ಆಸ್ಪತ್ರೆಗಳ ನೂರಾರು ಸಹಾಯಕ ಸಿಬ್ಬಂದಿ ಖಾಸಗಿ ಕಂಪನಿಗೆ ವರ್ಗ ಮಾಡುವುದರ ವಿರುದ್ಧ ತಿಂಗಳುಗಟ್ಟಲೆ ಮತ್ತೆ ಮತ್ತೆ ಮುಷ್ಕರ ಮಾಡಿದರು. ಇಂಥ ಒತ್ತಡದಿಂದಲೇ "ಎರಡು ಅಂತಸ್ತಿನ ಕೆಲಸಗಾರರು" ಅನ್ನುವ ಮಾತು ರಾಜಕೀಯದೊಳಗೆ ಬಂತು. 2003ರಲ್ಲಿ ಸ್ಥಳೀಯ ಸಂಸ್ಥೆಗಳಿಗೆ, 2005ರಲ್ಲಿ ಉಳಿದ ಸಾರ್ವಜನಿಕ ಸೇವೆಗಳಿಗೆ ಒಂದು ಸಂಹಿತೆ ಬಂತು: ವರ್ಗವಾದವರ ಪಕ್ಕದಲ್ಲಿ ಹೊಸಬರನ್ನು ನೇಮಿಸಿಕೊಂಡರೆ ಅವರ ಷರತ್ತು ಒಟ್ಟಾರೆಯಾಗಿ ಕಡಿಮೆ ಇರಕೂಡದು. 2010ರ ಡಿಸೆಂಬರ್‌ನಲ್ಲಿ, ಸರ್ಕಾರ ಬದಲಾದ ಏಳೇ ತಿಂಗಳಲ್ಲಿ, ಅದನ್ನು ಹಿಂದಕ್ಕೆ ಪಡೆದರು.

ಭಾಗ 4: ಹುಟ್ಟಿದ ತಾರೀಖಿನ ಗೆರೆ, ಮತ್ತು ಅದು ಮುರಿದ ಬಗೆ

ಈಗ ಮತ್ತೆ ಪಿಂಚಣಿಗೆ ಬರೋಣ. 2015ರ ಸ್ಕೀಮ್‌ನಲ್ಲಿ ಒಂದು ಹೊಸತನ ಇತ್ತು. ಈ ಸಲ ಹೊಸಬರನ್ನು ಮಾತ್ರವಲ್ಲ, ಹಳಬರನ್ನೂ ಮುಂದಿನ ಸೇವೆಗೆ ಹೊಸ ಸ್ಕೀಮ್‌ಗೆ ಎಳೆದರು. ಮಾಜಿ ಮಂತ್ರಿ ಜಾನ್ ಹಟನ್ ಆಯೋಗ 2011ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. ಅದೇ ವರ್ಷ ನವೆಂಬರ್ 30ರಂದು ಸರ್ಕಾರಿ ವಲಯದ ಲಕ್ಷಾಂತರ ನೌಕರರು ಒಂದು ದಿನ ಕೆಲಸ ನಿಲ್ಲಿಸಿದರು. ಕೊನೆಗೆ ಆದ ರಾಜಿಯಲ್ಲಿ ಒಂದು ರಿಯಾಯಿತಿ ಇತ್ತು: 2012ರ ಏಪ್ರಿಲ್ 1ಕ್ಕೆ ನಿವೃತ್ತಿಗೆ 10 ವರ್ಷದೊಳಗೆ ಇದ್ದವರು ಹಳೆಯದರಲ್ಲೇ ಉಳಿಯಬಹುದು. ಅದಕ್ಕಿಂತ ಸ್ವಲ್ಪ ಕಿರಿಯರಿಗೆ ಇಳಿಕೆಯ ರಕ್ಷಣೆ. ಉಳಿದವರೆಲ್ಲ 2015ರಲ್ಲಿ ಹೊಸದಕ್ಕೆ.

ಗೆರೆ ಈಗ ಸೇರಿದ ದಿನದಿಂದ ಹುಟ್ಟಿದ ದಿನಕ್ಕೆ ಬಂತು. ನಾನು ಬಂದದ್ದು 2009ರಲ್ಲಿ, ಆಗ ವಯಸ್ಸು 30ರ ಒಳಗೆ. ನಾನೂ ಎಳೆದುಕೊಂಡು ಹೋದವರಲ್ಲಿ ಒಬ್ಬಳು.

ಇದನ್ನು ಕೋರ್ಟಿಗೆ ಒಯ್ದವರು ನರ್ಸ್‌ಗಳಲ್ಲ. ನ್ಯಾಯಾಧೀಶರು ಮತ್ತು ಅಗ್ನಿಶಾಮಕದವರು. ಅವರ ಸ್ಕೀಮ್‌ಗಳಲ್ಲೂ ಇದೇ ಬಗೆಯ ರಕ್ಷಣೆ ಇತ್ತು. ಇಲ್ಲಿ ಎಲ್ಲರೂ "ಮ್ಯಾಕ್‌ಕ್ಲೌಡ್ ತೀರ್ಪು" ಅನ್ನುವುದು ಇದಕ್ಕೇ. ನಿವೃತ್ತಿ ಹತ್ತಿರ ಇದ್ದವರಿಗೆ ತಯಾರಿಗೆ ಸಮಯವಿಲ್ಲ, ಅದಕ್ಕೇ ರಕ್ಷಣೆ ಅಂತ ಸರ್ಕಾರ ವಾದಿಸಿತು. ಕಿರಿಯರ ಉತ್ತರ: ನಿವೃತ್ತಿ ಹತ್ತಿರ ಇದ್ದವರಿಗೇ ತಾನೇ ಬದಲಾವಣೆಯಿಂದ ಎಲ್ಲಕ್ಕಿಂತ ಕಡಿಮೆ ನಷ್ಟ? ಎಲ್ಲಕ್ಕಿಂತ ಕಡಿಮೆ ಕಳೆದುಕೊಳ್ಳುವವರಿಗೆ ಎಲ್ಲಕ್ಕಿಂತ ಹೆಚ್ಚು ರಕ್ಷಣೆ ಯಾಕೆ? 2018ರ ಡಿಸೆಂಬರ್ 20ರಂದು ಮೇಲ್ಮನವಿ ನ್ಯಾಯಾಲಯ ಇದು ವಯಸ್ಸಿನ ತಾರತಮ್ಯ ಅಂತ ತೀರ್ಪು ಕೊಟ್ಟಿತು. 2019ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಮೇಲ್ಮನವಿಗೆ ಅನುಮತಿ ಕೊಡಲಿಲ್ಲ. ತೀರ್ಪು ಎನ್‌ಎಚ್‌ಎಸ್ ಸೇರಿ ಎಲ್ಲ ದೊಡ್ಡ ಸರ್ಕಾರಿ ಪಿಂಚಣಿಗಳಿಗೂ ಅನ್ವಯ ಅಂತ ಸರ್ಕಾರ ಒಪ್ಪಿಕೊಂಡಿತು, 2022ರಲ್ಲಿ ಕಾಯ್ದೆಯೇ ಬಂತು.

ಪರಿಹಾರ ಹೀಗಿದೆ. 2015ರ ಏಪ್ರಿಲ್ 1ರಿಂದ 2022ರ ಮಾರ್ಚ್ 31ರವರೆಗಿನ 7 ವರ್ಷಕ್ಕೆ ಹಳೆಯ ಲೆಕ್ಕ ಬೇಕೋ ಹೊಸ ಲೆಕ್ಕ ಬೇಕೋ ಅಂತ ನಿವೃತ್ತಿಯ ಹೊತ್ತಿಗೆ ನಾವೇ ಆರಿಸಬಹುದು. 2022ರ ಏಪ್ರಿಲ್ 1ರಿಂದ ಮಾತ್ರ ಹಿರಿಯ, ಕಿರಿಯ ಅನ್ನದೆ ಎಲ್ಲರೂ 2015ರ ಸ್ಕೀಮ್‌ನಲ್ಲಿ.

ಇಲ್ಲಿ ಎರಡು ವಿಷಯ ಗಮನಿಸಿ.

ಒಂದು, ಸಮಾನತೆ ಬಂದದ್ದು ಮೇಲಕ್ಕೆ ಅಲ್ಲ. ಮುಂದಿನ ಸೇವೆಗೆ ಹೊಸಬರನ್ನು ಹಳಬರ ಸಾಲಿಗೆ ಏರಿಸಲಿಲ್ಲ, ಹಳಬರನ್ನು ಹೊಸಬರ ಸಾಲಿಗೆ ಇಳಿಸಿದರು. "ಅವರಿಗೆ ಯಾಕೆ ಇದೆ" ಅಂತ ಕೇಳುವಾಗ ಹುಷಾರಾಗಿರಬೇಕು, "ನಮಗೆ ಯಾಕೆ ಇಲ್ಲ" ಅಂತಲೇ ಕೇಳಬೇಕು ಅನ್ನುವುದಕ್ಕೆ ಇದೇ ಪಾಠ.

ಎರಡು, ಈ ಪರಿಹಾರ 2012ರ ಮಾರ್ಚ್ 31ಕ್ಕೆ ಅಥವಾ ಅದಕ್ಕೂ ಮೊದಲು ಸೇವೆಯಲ್ಲಿದ್ದವರಿಗೆ ಮಾತ್ರ. ನನಗೆ ಕಾಗದ ಬರುತ್ತದೆ. ನನ್ನ ಪಕ್ಕದ ಬೇ ನೋಡುವ, 2013ರಲ್ಲಿ ಬಂದ ಹಾಸನದ ಹುಡುಗಿಗೆ ಬರುವುದಿಲ್ಲ. ಅವಳಿಗೂ 2 ವರ್ಷ ಹಳೆಯ ವಿಭಾಗ ಇತ್ತು, ಅವಳನ್ನೂ 2015ರಲ್ಲಿ ಹೊಸದಕ್ಕೆ ಹಾಕಿದರು. ಅವಳು ಬಂದಾಗ ಬದಲಾವಣೆ ಆಗಲೇ ಗೊತ್ತಿತ್ತಲ್ಲ ಅನ್ನುವುದು ಕಾನೂನಿನ ತರ್ಕ. ಒಂದು ಗೆರೆ ಅಳಿಸುವಾಗಲೂ ಇನ್ನೊಂದು ತಾರೀಖು ಬೇಕೇ ಬೇಕಾಯಿತು.

ಇನ್ನೊಂದು ಎಳೆ ಇದೆ. ನ್ಯಾಯಾಧೀಶರ ಪ್ರಕರಣದಲ್ಲಿ ವಯಸ್ಸಿನ ವಾದದ ಜೊತೆಗೆ ಲಿಂಗ ಮತ್ತು ಜನಾಂಗದ ವಾದವೂ ಇತ್ತು. ಇತ್ತೀಚೆಗೆ ನೇಮಕವಾದ ನ್ಯಾಯಾಧೀಶರಲ್ಲಿ ಹೆಂಗಸರು, ಅಲ್ಪಸಂಖ್ಯಾತ ಜನಾಂಗದವರು ಹೆಚ್ಚು. ಹಾಗಾಗಿ ಕಿರಿಯರಿಗೆ ಬಿದ್ದ ಪೆಟ್ಟು ಅವರಿಗೇ ಹೆಚ್ಚು ತಾಗಿತು. ನಮ್ಮ ವಾರ್ಡ್‌ಗೂ ಇದೇ ಕನ್ನಡಿ ಹಿಡಿಯಿರಿ. ಭಾರತದಿಂದ ನರ್ಸ್‌ಗಳು ದೊಡ್ಡ ಸಂಖ್ಯೆಯಲ್ಲಿ ಇಲ್ಲಿಗೆ ಬರತೊಡಗಿದ್ದು 2000ರ ಆಸುಪಾಸಿನಿಂದ. ಅಂದರೆ 1995ರ ಗೆರೆ ನಮ್ಮಲ್ಲಿ ಹೆಚ್ಚಿನವರು ವಿಮಾನ ಹತ್ತುವ ಮೊದಲೇ ಬಿದ್ದಿತ್ತು. ತಾರೀಖಿಗೆ ಬಣ್ಣ ಗೊತ್ತಿಲ್ಲ, ಊರು ಗೊತ್ತಿಲ್ಲ. ಆದರೆ ಆ ಕಡೆ ಯಾರಿದ್ದಾರೆ, ಈ ಕಡೆ ಯಾರಿದ್ದಾರೆ ಅಂತ ಎಣಿಸಿದರೆ ಬಣ್ಣ, ಊರು ಎರಡೂ ಕಾಣುತ್ತವೆ.

ಭಾಗ 5: ಊರಿನಲ್ಲೂ ಒಂದು ಏಪ್ರಿಲ್ 1 ಇದೆ

ಇದು ಇಂಗ್ಲೆಂಡಿನವರ ಕುತಂತ್ರ ಅಂತ ಯಾರಾದರೂ ಅಂದುಕೊಂಡರೆ ಊರಿನ ಕಡೆ ತಿರುಗಿ ನೋಡಿ. ಕೇಂದ್ರ ಸರ್ಕಾರದಲ್ಲಿ 2004ರ ಜನವರಿ 1, ಕರ್ನಾಟಕ ಸರ್ಕಾರದಲ್ಲಿ 2006ರ ಏಪ್ರಿಲ್ 1. ಆ ದಿನಕ್ಕೆ ಮೊದಲು ಸೇರಿದವರಿಗೆ ಹಳೆಯ ಪಿಂಚಣಿ: ಕೊನೆಯ ಮೂಲ ವೇತನದ ಅರ್ಧ, ಜೊತೆಗೆ ತುಟ್ಟಿಭತ್ಯೆ. ಆಮೇಲೆ ಸೇರಿದವರಿಗೆ ಎನ್‌ಪಿಎಸ್: ತಿಂಗಳು ತಿಂಗಳು ಸಂಬಳದಲ್ಲಿ ಕಡಿತ, ಸರ್ಕಾರದ ಪಾಲು, ಎರಡೂ ಸೇರಿ ಮಾರುಕಟ್ಟೆಗೆ. ಕೊನೆಗೆ ಎಷ್ಟು ಬರುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ. ನನ್ನ ಚಿಕ್ಕಮ್ಮನ ಮಗಳು ಜಿಲ್ಲಾಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿ. ಡ್ಯೂಟಿ ರೂಮಿನಲ್ಲಿ ಓಪಿಎಸ್‌ನವರು, ಎನ್‌ಪಿಎಸ್‌ನವರು ಅಂತ ಎರಡು ಜಾತಿ ಇದೆ ಅಂತ ನಗುತ್ತಾಳೆ. ಗುತ್ತಿಗೆ ನರ್ಸ್‌ಗಳನ್ನು ಕೇಳಿದರೆ, ಅವರನ್ನು ಆ ಜಾತಿಯ ಲೆಕ್ಕಕ್ಕೂ ಹಿಡಿಯುವುದಿಲ್ಲ ಅನ್ನುತ್ತಾಳೆ.

ಅಲ್ಲೂ ಗೆರೆ ಎಳೆದ ಮೇಲೆ ಗೆರೆಯ ಅರ್ಥಕ್ಕೇ ಜಗಳ ಶುರುವಾಯಿತು. ನೇಮಕಾತಿ ಅಧಿಸೂಚನೆ 2006ಕ್ಕೆ ಮೊದಲು, ಆದೇಶ ಕೈಗೆ ಬಂದದ್ದು ಆಮೇಲೆ. ಹಾಗಾದರೆ ಅವರು ಯಾವ ಪಂಕ್ತಿ? ಕಡತ ನಿಧಾನವಾದದ್ದಕ್ಕೆ ಪಿಂಚಣಿ ಕಳೆದುಕೊಂಡವರು ವರ್ಷಾನುಗಟ್ಟಲೆ ಓಡಾಡಿದರು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಅಂಥ ಸುಮಾರು 13,000 ನೌಕರರಿಗೆ ಹಳೆಯ ಪಿಂಚಣಿ ಕೊಡಲು ಆದೇಶ ಮಾಡಿತು. ಉಳಿದ ಎನ್‌ಪಿಎಸ್ ನೌಕರರು ಇನ್ನೂ ಕೇಳುತ್ತಲೇ ಇದ್ದಾರೆ.

ಭಾರತದ ಸುಪ್ರೀಂ ಕೋರ್ಟ್ ಮ್ಯಾಕ್‌ಕ್ಲೌಡ್‌ಗಿಂತ 36 ವರ್ಷ ಮೊದಲೇ ತಾರೀಖಿನ ಗೆರೆಯನ್ನು ಪ್ರಶ್ನಿಸಿತ್ತು ಅನ್ನುವುದು ನಮಗೆ ಹೆಮ್ಮೆಯ ವಿಷಯ. ಡಿ.ಎಸ್. ನಕಾರಾ ಪ್ರಕರಣ, 1982ರ ಡಿಸೆಂಬರ್ 17. ಸುಧಾರಿಸಿದ ಪಿಂಚಣಿ 1979ರ ಮಾರ್ಚ್ 31ರಂದು ಅಥವಾ ಆಮೇಲೆ ನಿವೃತ್ತರಾದವರಿಗೆ ಮಾತ್ರ ಅಂತ ಸರ್ಕಾರ ಹೇಳಿತ್ತು. ಒಂದೇ ವರ್ಗದ ಪಿಂಚಣಿದಾರರನ್ನು ಒಂದು ತಾರೀಖಿನಿಂದ ಎರಡು ಮಾಡುವುದು ಸಂವಿಧಾನದ ಸಮಾನತೆಗೆ ವಿರುದ್ಧ ಅಂತ ಪೀಠ ತೀರ್ಪು ಕೊಟ್ಟಿತು. ಇವತ್ತಿಗೂ ಆ ದಿನ ಪಿಂಚಣಿದಾರರ ದಿನ. ಆದರೆ ನಕಾರಾ ಕಾಪಾಡಿದ್ದು ಆಗಲೇ ಸೇವೆ ಮುಗಿಸಿದವರನ್ನು, ಮ್ಯಾಕ್‌ಕ್ಲೌಡ್ ಕಾಪಾಡಿದ್ದು ಆಗಲೇ ಸೇವೆಯಲ್ಲಿದ್ದವರನ್ನು. ನಾಳೆ ಸೇರುವವರಿಗೆ ಇವೆರಡರಲ್ಲೂ ಜಾಗವಿಲ್ಲ.

ಭಾಗ 6: ಆ ಒಂದು ವಾಕ್ಯ

1983ರಿಂದ 2015ರವರೆಗಿನ ಈ ಕತೆಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಒಂದೇ ವಿಧಾನ ಕಾಣುತ್ತದೆ. ಸರ್ಕಾರಕ್ಕೋ ಕಂಪನಿಗೋ ಖರ್ಚು ಇಳಿಸಬೇಕು. ಇರುವವರ ಮೇಲೆ ಕೈಹಾಕಿದರೆ ಮುಷ್ಕರ. ಇನ್ನೂ ಬರದವರ ಮೇಲೆ ಹಾಕಿದರೆ ಸದ್ದಿಲ್ಲ. ಆದ್ದರಿಂದ ಕಾಗದದಲ್ಲಿ ಒಂದು ವಾಕ್ಯ ಬರುತ್ತದೆ: "ಈಗಿರುವ ಸಿಬ್ಬಂದಿಗೆ ಯಾವುದೇ ಬದಲಾವಣೆ ಇಲ್ಲ." ಓದಿದವರು ನಿಟ್ಟುಸಿರು ಬಿಟ್ಟು ಸಹಿ ಹಾಕುತ್ತಾರೆ. ಹತ್ತಿಪ್ಪತ್ತು ವರ್ಷದಲ್ಲಿ ಬದಲಾವಣೆ ಇಲ್ಲದವರು ಕಡಿಮೆಯಾಗಿ, ಬದಲಾದವರೇ ಹೆಚ್ಚಾಗುತ್ತಾರೆ. ಆಮೇಲೆ ಉಳಿದ ಹಳಬರ ಪರವಾಗಿ ನಿಲ್ಲಲು ಹೊಸಬರಿಗೆ ಕಾರಣವೂ ಇರುವುದಿಲ್ಲ, ಮನಸ್ಸೂ ಇರುವುದಿಲ್ಲ. 2015ರಲ್ಲಿ ಹಳಬರನ್ನೂ ಎಳೆದದ್ದು ಸುಲಭವಾದದ್ದಕ್ಕೆ 2008ರ ಗೆರೆಯೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ. ಮೊದಲ ಪಂಕ್ತಿಯವರಿಗೆ ಹೋಳಿಗೆ ಭದ್ರವಾಗಿರುವುದು ಎರಡನೇ ಪಂಕ್ತಿಗೂ ಬಡಿಸುವವರೆಗೆ ಮಾತ್ರ.

ಸೀನಿಯರ್‌ಗಳ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ ಅಂತ ಹೊಸದಾಗಿ ಬಂದ ತಂಗಿಯರಿಗೆ ಹೇಳುವುದು ಅದಕ್ಕೇ. ಆ 55 ಅವರು ಯಾರಿಂದಲೂ ಕಿತ್ತುಕೊಂಡದ್ದಲ್ಲ. ಒಂದು ಕಾಲದಲ್ಲಿ ಎಲ್ಲ ನರ್ಸ್‌ಗಳಿಗೂ ಇದ್ದದ್ದು ಅವರಲ್ಲಿ ಉಳಿದುಕೊಂಡಿದೆ, ಅಷ್ಟೇ. ಸೀನಿಯರ್‌ಗಳಿಗೂ ಒಂದು ಮಾತು: "ನಮಗೇನೂ ತೊಂದರೆ ಇಲ್ಲ" ಅನ್ನುವುದು ಮತ ಹಾಕಲು ಸಾಲುವ ಕಾರಣವಲ್ಲ.

ಕೈಯಲ್ಲಿ ಆಗುವ ಕೆಲಸ ಏನು ಅಂತ ಕೇಳುವವರಿಗೆ:

1. ಇನ್ನೂ ಸೇರುವವರು, ಆಫರ್ ಲೆಟರ್‌ಗೆ ಸಹಿ ಹಾಕುವ ಮೊದಲು, ಊರಿನ ಮತ್ತು ಗಲ್ಫ್‌ನ ಅನುಭವವನ್ನು ರಜೆ ಹಾಗೂ ಸಂಬಳದ ಮೆಟ್ಟಿಲಿಗೆ ಎಣಿಸುತ್ತೀರಾ ಅಂತ ಇಮೇಲ್‌ನಲ್ಲಿ ಕೇಳಿ. ಅನುಭವದ ಪತ್ರಗಳನ್ನು ಜೊತೆಗಿಡಿ. ಇಲ್ಲ ಅಂದರೆ ಕಾರಣವನ್ನೂ ಬರಹದಲ್ಲಿ ಕೇಳಿ.

2. "ಹೇಗೂ 68ರವರೆಗೆ ಇರಲ್ಲ" ಅಂತ ಪಿಂಚಣಿಯಿಂದ ಹೊರಗೆ ಬರಬೇಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2024ರ ಏಪ್ರಿಲ್‌ನಿಂದ ಉದ್ಯೋಗದಾತರ ಪಾಲೇ ಸಂಬಳದ ಶೇ 23.7. ನೀವು ಹೊರಬಂದರೆ ಅದು ನಿಮ್ಮ ಕೈಗೆ ಬರುವುದಿಲ್ಲ. 2 ವರ್ಷ ದಾಟಿದ ಸೇವೆ, ನೀವು ಊರಿಗೆ ಮರಳಿದರೂ ಆಸ್ಟ್ರೇಲಿಯಾಕ್ಕೆ ಹೋದರೂ, ನಿಮ್ಮ ಹೆಸರಿನಲ್ಲೇ ಇರುತ್ತದೆ.

3. 2012ಕ್ಕೆ ಮೊದಲು ಸೇರಿದವರು ಮ್ಯಾಕ್‌ಕ್ಲೌಡ್ ಕಾಗದವನ್ನು ಜಾಹೀರಾತು ಅಂತ ಬಿಸಾಡಬೇಡಿ. ಆಯ್ಕೆ ನಿವೃತ್ತಿಯ ಹೊತ್ತಿಗೆ, ಆದರೆ ವಿಳಾಸ ಮತ್ತು ಸೇವೆಯ ದಾಖಲೆ ಸರಿ ಇದೆಯೇ ಅಂತ ಈಗಲೇ ನೋಡಿಕೊಳ್ಳಿ.

4. ಯೂನಿಯನ್ ಯಾವುದಾದರೂ ಇರಲಿ, ಸದಸ್ಯರಾಗಿ. ಬರೀ ಇನ್ಶೂರೆನ್ಸ್‌ಗಾಗಿ ಅಲ್ಲ. ಮತಪತ್ರ ಬಂದಾಗ ಹಾಕಿ. ಹೊಸ ಪ್ರಸ್ತಾಪ ಬಂದಾಗ "ಈಗಿರುವ ಸಿಬ್ಬಂದಿಗೆ ಬದಲಾವಣೆ ಇಲ್ಲ" ಅನ್ನುವ ಸಾಲು ಹುಡುಕಿ. ಸಿಕ್ಕರೆ ಕೈ ಎತ್ತಿ ಒಂದೇ ಪ್ರಶ್ನೆ ಕೇಳಿ: ಹಾಗಾದರೆ ಬದಲಾವಣೆ ಯಾರಿಗೆ?

1998ರಲ್ಲಿ ಲಂಡನ್ನಿನ ಆ ಕೆಲಸಗಾರರು ಕೇಳಿದ್ದೂ ಇದನ್ನೇ. ಅವರಿಗೆ ನಮ್ಮ ಹೆಸರು ಗೊತ್ತಿರಲಿಲ್ಲ, ನಾವು ಬರುತ್ತೇವೆ ಅಂತಲೂ ಗೊತ್ತಿರಲಿಲ್ಲ. ಆದರೂ 30 ವರ್ಷ ಮುಂದಿನವರೆಗೆ ಲೆಕ್ಕ ಹಾಕಿ ಮತ ಹಾಕಿದ್ದರು. ಅವರು ಕೋರ್ಟಿನಲ್ಲಿ ಸೋತರು. ಹೊಸಬರ ಪರವಾಗಿ ಮುಷ್ಕರ ಮಾಡಲು ಕಾನೂನು ಬಿಡದಿರಬಹುದು, ಆದರೆ ನಮ್ಮದೇ ಒಪ್ಪಂದಕ್ಕೆ ಒಪ್ಪಿಗೆ ಕೊಡುವಾಗ ಅವರನ್ನು ನೆನಪಿಟ್ಟುಕೊಳ್ಳುವುದನ್ನು ಯಾವ ಕೋರ್ಟೂ ತಡೆದಿಲ್ಲ.

ಮುಂದಿನ ಸರಣಿಯಲ್ಲಿ ಬ್ಯಾಂಡ್ 5ರಿಂದ 6ಕ್ಕೆ ಹೋಗುವ ದಾರಿ ಮತ್ತು ಅಲ್ಲಿನ ಇಂಟರ್‌ವ್ಯೂ ಬಗ್ಗೆ ಬರೆಯುತ್ತೇನೆ. ನಿಮ್ಮ ಪಿಂಚಣಿ ಕಾಗದದಲ್ಲಿ ಯಾವ ವಯಸ್ಸು ಇದೆ, ಯಾವ ವರ್ಷ ಸೇರಿದಿರಿ ಅಂತ ಕೆಳಗೆ ಬರೆಯಿರಿ. ಆಸ್ಪತ್ರೆಯ ಹೆಸರು ಮಾತ್ರ ಬೇಡ.